ಅಕ್ಕನೂ ಹಾಜರು

ಹಾರೋಹಳ್ಳಿ
೨೦ ಜುಲೈ ೨೦೦೬

ಲತಾ,

ನನ್ನ ಅಕ್ಷರದ ಗುರುತು ಹಿಡಿದೆಯೋ ಇಲ್ಲವೋ. ರಾಮನಗರದ ಕಾಲೇಜಿನಲ್ಲಿ ಕಿಟಕಿ ಪಕ್ಕದ ಬೆಂಚಿನಲ್ಲಿ ನಿನ್ನ ಜೊತೆ ಕೂರುತ್ತಿದ್ದ ಖುರ್ಷಿದಾ ನಾನು. ನೀನು ಅಧಿಕಾರಿಗಳನ್ನು ಕರೆದುಕೊಂಡು ನಮ್ಮ ಬೀದಿಗೆ ಬಂದ ದಿನ ಅಬ್ಬಾ ಗೂಡು ಬೇಯಿಸಿ ರೇಷ್ಮೆ ತೆಗೆಯುತ್ತಿದ್ದ ಒಲೆಗಳು ಆರಿದವು. ಅಂದಿನಿಂದ ನಿನಗೆ ಬರೆದಿಲ್ಲ. ಆ ಮಾತು ಈಗ ಎತ್ತುವುದಿಲ್ಲ. ಈಗ ಬರೆಯುವುದಕ್ಕೆ ಬೇರೆ ಕಾರಣವಿದೆ.

ಜೂನ್ ಕೊನೆಯಿಂದ ನಾನು ಇಲ್ಲಿ ಟೀಚರ್. ಕೈಗಾರಿಕಾ ಪ್ರದೇಶದ ಕಾಂಪೌಂಡು ದಾಟಿ ಹಿಪ್ಪುನೇರಳೆ ತೋಟಗಳ ನಡುವೆ ಒಂದು ಮಣ್ಣು ರಸ್ತೆ ಹೋಗುತ್ತದಲ್ಲ, ಅದರ ಕೊನೆಯ ಊರು. ಕೂಲಿ ಬಿಡಿಸಿದ ಮಕ್ಕಳನ್ನು ಕೂರಿಸಿ ಒಂದು ವರ್ಷ ಕಲಿಸಿ ಸರಕಾರಿ ಶಾಲೆಗೆ ಸೇರಿಸುವ ಸಣ್ಣ ಶಾಲೆ. ಜಾಗ ಬೋರಲಿಂಗಯ್ಯ ಎಂಬುವರದು. ನಾನಿರುವ ಕೋಣೆಯೂ ಅವರದೇ. ಶಾಲೆಯ ಹಿಂದಿನ ಗೋಡೆಗೆ ಒತ್ತಿಕೊಂಡಂತೆ ತಗಡು ಚಾವಣಿಯ ಒಂದು ಉದ್ದನೆಯ ಶೆಡ್ಡಿದೆ. ಅದೂ ಅವರದೇ.

ಆ ಶೆಡ್ಡು ನಿನಗೆ ಗೊತ್ತು. ರೇಷ್ಮೆ ನೂಲಿಗೆ ಹುರಿ ಹಾಕುವ ಮಿಲ್ಲಾಗಿತ್ತು. ಜೂನ್ ಮೊದಲ ವಾರ ನಿಮ್ಮ ಸಂಸ್ಥೆಯ ದೂರಿನ ಮೇಲೆ ಜೀಪುಗಳು ಬಂದು, ಒಳಗಿದ್ದ ಮಕ್ಕಳನ್ನೆಲ್ಲ ಹತ್ತಿಸಿಕೊಂಡು ಹೋಗಿ, ಬಾಗಿಲಿಗೆ ಅರಗಿನ ಮೊಹರು ಒತ್ತಿದರು. ಕರೆಂಟು ಕಿತ್ತರು. ಶೆಡ್ಡನ್ನು ಬಾಡಿಗೆಗೆ ಹಿಡಿದು ಮಿಲ್ಲು ನಡೆಸುತ್ತಿದ್ದ ಯಜಮಾನನೂ ಅವನ ಮೇಸ್ತ್ರಿಯೂ ಆವತ್ತೇ ಊರು ಬಿಟ್ಟರು. ಪೇಪರಿನಲ್ಲಿ ನಿನ್ನ ಮಾತೂ ಬಂದಿತ್ತು. ಓದಿದೆ.

ಲತಾ, ಆ ಶೆಡ್ಡಿನಲ್ಲಿ ಮಿಷನ್ ತಿರುಗುವ ಸದ್ದು ಬರುತ್ತಿದೆ.

ಆಷಾಢದ ಗಾಳಿ ಎನ್ನಬೇಡ. ನಾನು ರೇಷ್ಮೆಯವರ ಮನೆಯ ಮಗಳು. ತಗಡು ಬಡಿಯುವ ಸದ್ದಿಗೂ ನೂಲು ಸುತ್ತುವ ಬಾಬಿನ್ ತಿರುಗುವ ಸದ್ದಿಗೂ ವ್ಯತ್ಯಾಸ ಗೊತ್ತು. ನೆತ್ತಿಯ ಮೇಲೆ ಬಿಸಿಲಿರುವಾಗ, ಮಕ್ಕಳು ಊಟಕ್ಕೆ ಹೋಗಿ ಶಾಲೆ ಖಾಲಿಯಾದಾಗ ಶುರುವಾಗುತ್ತದೆ. ಒಂದೇ ಒಂದು ಬಾಬಿನ್. ಮೆಲ್ಲಗೆ ತಿರುಗುತ್ತದೆ, ನಿಲ್ಲುತ್ತದೆ, ಎಳೆ ತುಂಡಾದಾಗ ಕಟ್ಟುವಷ್ಟು ಹೊತ್ತು ಸುಮ್ಮನಿರುತ್ತದೆ, ಮತ್ತೆ ತಿರುಗುತ್ತದೆ. ಕರೆಂಟಿಲ್ಲದ ಶೆಡ್ಡಿನಲ್ಲಿ!

ಬೋರಲಿಂಗಯ್ಯನವರ ಹೆಂಡತಿ ಮುನಿಯಮ್ಮನವರಿಗೆ ಹೇಳಿದೆ. ಅವರು ನನ್ನ ಮುಖ ನೋಡಲಿಲ್ಲ. "ನಿಮ್ಗೂ ಕೇಳ್ತಾ? ಆ ಕಿಟಕಿ ತಾವ ಹೋಗ್ಬ್ಯಾಡಿ ಕಣವ್ವ. ಒಳೀಕೆ ಗಾಳಿ ಸೇರ್ಕಂಡೈತೆ" ಅಂದರು.

ನಮ್ಮ ಶಾಲೆಯ ಮಕ್ಕಳು ಆ ಗೋಡೆಯ ನೆರಳನ್ನು ತುಳಿಯುವುದಿಲ್ಲ. ಮಧ್ಯಾಹ್ನ ಬಿಸಿಲಲ್ಲೇ ಕೂತು ಉಣ್ಣುತ್ತವೆ.

ಆ ದಿನ ಒಳಗಿದ್ದವರೆಲ್ಲ ಹೊರಗೆ ಬಂದರೇ? ಅಷ್ಟು ಮಾತ್ರ ತಿಳಿಸು. ಫೋನಿನಲ್ಲಿ ಬೇಡ. ಇಲ್ಲಿನ ಬೂತಿನಲ್ಲಿ ಮಾತಾಡಿದರೆ ಊರೇ ಕೇಳಿಸಿಕೊಳ್ಳುತ್ತದೆ.

ಖುರ್ಷಿದಾ


ದೆಹಲಿ
೩೧ ಜುಲೈ ೨೦೦೬

ಪ್ರೀತಿಯ ಖುರ್ಷಿದಾ,

ಲಕೋಟೆಯ ಮೇಲಿನ ಅಕ್ಷರ ನೋಡಿದ ಕೂಡಲೇ ಗೊತ್ತಾಯಿತು. ಒಡೆಯುವುದಕ್ಕೆ ಮುಂಚೆ ಒಂದಿಷ್ಟು ಹೊತ್ತು ಕೈಯಲ್ಲೇ ಹಿಡಿದುಕೊಂಡಿದ್ದೆ.

ನಿನ್ನ ಪ್ರಶ್ನೆಗೆ ಉತ್ತರ: ಎಲ್ಲರೂ ಬಂದರು. ಅವತ್ತು ನಾನೇ ಬಾಗಿಲಲ್ಲಿ ನಿಂತಿದ್ದೆ. ಒಬ್ಬೊಬ್ಬರ ಹೆಸರು ಬರೆದುಕೊಂಡು ಜೀಪಿಗೆ ಹತ್ತಿಸಿದೆವು. ಅಧಿಕಾರಿಗಳು ಟಾರ್ಚು ಹಿಡಿದು ಒಳಗೆಲ್ಲ ತಿರುಗಿದರು. ಆಮೇಲೆಯೇ ಮೊಹರು. ಆ ದಾಳಿ ನಮಗೆ ತುಂಬ ಮುಖ್ಯವಾದದ್ದು, ಖುರ್ಷಿದಾ. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ನಮ್ಮ ದೇಶ ಒಪ್ಪಿ ಹದಿನಾಲ್ಕು ವರ್ಷವಾಯಿತು. ಒಪ್ಪಿದ್ದನ್ನು ಮಾಡಿದ್ದೀರಾ ಎಂದು ಜಿನೀವಾದ ಸಮಿತಿ ಆಗಾಗ ಸರಕಾರವನ್ನು ಕೇಳುತ್ತದೆ. ಸರಕಾರ ತನ್ನ ವರದಿ ಕೊಡುತ್ತದೆ, ನಮ್ಮಂಥ ಸಂಸ್ಥೆಗಳು ಕಂಡದ್ದನ್ನು ಬೇರೆಯಾಗಿ ಬರೆದು ಕೊಡುತ್ತವೆ. ನಾನೀಗ ಕೂತಿರುವುದು ಅದೇ ಬರವಣಿಗೆಗೆ. ಹಾರೋಹಳ್ಳಿಯದ್ದು ಅದರಲ್ಲಿ ಒಂದು ಒಳ್ಳೆಯ ಪುಟ. 'ಒಂದು ಮಗುವೂ ಉಳಿಯದಂತೆ' ಎಂದು ಅದಕ್ಕೆ ತಲೆಬರಹ ಕೊಟ್ಟಿದ್ದೇನೆ.

ಸದ್ದು ಇಲಿಯದ್ದಿರಬೇಕು. ಇಲ್ಲವೇ ಯಜಮಾನನ ಕಡೆಯವರು ಹಿಂದಿನಿಂದ ನುಗ್ಗಿ ಸಾಮಾನು ಸಾಗಿಸುತ್ತಿರಬೇಕು. ಜಿಲ್ಲಾ ಕಚೇರಿಗೆ ಪತ್ರ ಬರೆದಿದ್ದೇನೆ. ನೀನು ಮೊಹರು ಮುಟ್ಟಬೇಡ, ಅದು ಅಪರಾಧವಾಗುತ್ತದೆ.

ಅಬ್ಬಾ ಹೇಗಿದ್ದಾರೆಂದು ಕೇಳಬಹುದೇ?

ನಿನ್ನ
ಲತಾಮಣಿ


ಹಾರೋಹಳ್ಳಿ
೧೦ ಆಗಸ್ಟ್ ೨೦೦೬

ಲತಾ,

ಅಬ್ಬಾ ಹೋಗಿ ಎರಡು ವರ್ಷವಾಯಿತು.

ಇಲಿ ತಟ್ಟೆ ತೊಳೆಯುತ್ತದೆಯೇ, ಹೇಳು. ಭೀಮನ ಅಮಾವಾಸ್ಯೆಯ ದಿನ ಮುನಿಯಮ್ಮನವರು ಗಾಳಿಗೆ ಎಡೆ ಇಡುತ್ತೇನೆಂದು ಅನ್ನ, ಹುರುಳಿ ಸಾರು, ಒಂದು ಕಡುಬು ಹಾಕಿ ಅಲ್ಯೂಮಿನಿಯಂ ತಟ್ಟೆಯನ್ನು ಶೆಡ್ಡಿನ ಹಿಂದಿನ ಕಿಟಕಿಯ ಕಟ್ಟೆಯ ಮೇಲೆ ಇಟ್ಟು ಬಂದರು. ತಿರುಗಿ ನೋಡಬಾರದೆಂದು ನನ್ನ ಕೈಹಿಡಿದು ಎಳೆದುಕೊಂಡೇ ಬಂದರು. ಮರುದಿನ ಹೋದರೆ ತಟ್ಟೆ ತೊಳೆದು, ಬೋರಲು ಹಾಕಿ ಇಟ್ಟಿತ್ತು. ಮುನಿಯಮ್ಮನವರು ಅಲ್ಲೇ ಕುಸಿದು ಕೂತರು. "ಗಾಳಿ ತಿಂತದೆ ಕಣವ್ವ, ನಾನೂ ಕೇಳಿವ್ನಿ. ಆದ್ರೆ ತೊಳ್ದು ಮಡುಗ್ತದಾ?" ಎಂದು ನನ್ನನ್ನೇ ಕೇಳಿದರು. ಅಂದಿನಿಂದ ದಿನಾ ಇಡುತ್ತಿದ್ದಾರೆ, ಗಂಡನಿಗೆ ಹೇಳದೆ. ದಿನಾ ತಟ್ಟೆ ಬೋರಲು ಬಿದ್ದಿರುತ್ತದೆ. ನಾನು ಕಿಟಕಿಗೆ ಮುಖವಿಟ್ಟು ಕೂಗಿ ನೋಡಿದೆ. ಒಳಗೆ ಕತ್ತಲು, ಎಣ್ಣೆ ಹಿಡಿದ ಹಳೆಯ ನೂಲಿನ ವಾಸನೆ. ನಾನು ಕೂಗಿದಾಗ ಆ ಕತ್ತಲು ಉಸಿರು ಹಿಡಿದ ಹಾಗಿರುತ್ತದೆ, ಅಷ್ಟೇ.

ನಿನ್ನೆ ನಡೆದದ್ದನ್ನು ಹೇಳುತ್ತೇನೆ. ಬೆಳಗ್ಗೆ ಹಾಜರಿ ಕರೆಯುತ್ತಿದ್ದೆ. ಕೊನೆಯ ಹೆಸರು ಇಸ್ರಾರ್‌ನದು. ಅವನು ಹಾಜರು ಅಂದ. ನಾನು ಪುಸ್ತಕ ಮುಚ್ಚಿದೆ.

ಆಗ ಹಿಂದಿನ ಗೋಡೆಯ ಮೇಲಿನ ಗಾಳಿಗಿಂಡಿಯಿಂದ, "ಹಾಜರು ಟೀಚರ್" ಎಂದು ಕೇಳಿಸಿತು.

ಮಗುವಿನ ದನಿ. ತೆಳ್ಳಗಿತ್ತು, ಒಣಗಿತ್ತು. ತರಗತಿಯಲ್ಲಿ ಒಂದು ಸ್ಲೇಟು ಕೂಡ ಅಲುಗಲಿಲ್ಲ. ಮಕ್ಕಳು ಗೋಡೆಯ ಕಡೆ ತಿರುಗಲಿಲ್ಲ, ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಬಾಯಿ ತೆರೆಯುವಷ್ಟರಲ್ಲಿ ಇನ್ನೊಂದು ದನಿ. ಇನ್ನೊಂದು, ಲತಾ. ಸ್ವಲ್ಪ ದೊಡ್ಡ ಹುಡುಗಿಯದು, ಸ್ವಲ್ಪ ತಗ್ಗಿನಿಂದ, ನೆಲದ ಮಟ್ಟದಿಂದ ಬಂದ ಹಾಗೆ. "ಹಾಜರು."

ಮಕ್ಕಳನ್ನು ಮನೆಗೆ ಕಳಿಸಿದೆ. ಬೋರಲಿಂಗಯ್ಯನವರ ಹತ್ತಿರ ಹೋಗಿ ಬಾಗಿಲು ತೆಗೆಸಿ ಎಂದೆ. ಅವರು ಎಲೆಗೆ ಸುಣ್ಣ ಸವರುತ್ತ, "ಸರ್ಕಾರದ ಸೀಲು ಒಡಿ ಅಂತೀರಾ ಟೀಚರಮ್ಮ? ಇಸ್ಕೂಲು ನಡಸ್ಬೇಕು ಅಂದ್ರೆ ನಡಸ್ಕಳಿ. ಇಲ್ಲಾಂದ್ರೆ ಬೇರೆ ಕಡೆ ಜಾಗ ನೋಡ್ಕಳಿ" ಅಂದರು. ಸವರಿದ ಎಲೆಗೇ ಮತ್ತೆ ಮತ್ತೆ ಸುಣ್ಣ ಸವರುತ್ತಿದ್ದರು. ಅವರಿಗೂ ಕೇಳಿಸಿದೆ.

ನಾಳೆ ರಾಮನಗರಕ್ಕೆ ಹೋಗುತ್ತೇನೆ. ಇಲ್ಲಿನವರು ಯಾರೂ ಬರಲಾರರು, ನಮ್ಮ ಬೀದಿಯ ಇದ್ರೀಸ್ ಭಾಯಿಯನ್ನಾದರೂ ಜೊತೆಗೆ ಕರೆದುಕೊಂಡು ಬರುತ್ತೇನೆ. ನಿನ್ನ ಮೊಹರು ಮುರಿಯದೆ ಒಳಗೆ ಹೋಗುವ ದಾರಿ ಇದ್ದರೆ ಹುಡುಕುತ್ತೇನೆ, ಇಲ್ಲದಿದ್ದರೆ ಮುರಿಯುತ್ತೇನೆ. ನಿನಗೆ ಮೊದಲೇ ಹೇಳಿದ್ದೇನೆ.

ಖುರ್ಷಿದಾ


ದೆಹಲಿ
೧೬ ಆಗಸ್ಟ್ ೨೦೦೬

ಖುರ್ಷಿದಾ,

ಇದನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸುತ್ತಿದ್ದೇನೆ. ಬೂತಿಗೆ ಫೋನ್ ಮಾಡಿದೆ. "ಟೀಚರ್ ಊರಲ್ಲಿಲ್ಲ" ಎಂದು ಇಟ್ಟುಬಿಟ್ಟರು.

ನಿನ್ನ ಕಾಗದ ಓದಿ ಸಿಟ್ಟು ಬಂತು. ನಿಜ ಹೇಳುತ್ತೇನೆ, ಸಿಟ್ಟೇ ಬಂತು. ಸಿಟ್ಟಿನಲ್ಲಿ ಆ ದಿನದ ಫೋಟೊ ತೆಗೆದೆ. ಮೊಹರು ಹಾಕಿ, ಜೀಪುಗಳು ಹೊರಟ ಮೇಲೆ ನಮ್ಮ ಹುಡುಗ ಹಿಂದಿನ ಕಡೆಯಿಂದ ತೆಗೆದದ್ದು. ಖಾಲಿ ಶೆಡ್ಡು, ಮುಚ್ಚಿದ ಕಿಟಕಿ, ಮೇಲೆ ಮೋಡ. ಚೆನ್ನಾಗಿದೆಯೆಂದು ವರದಿಯ ಮುಖಪುಟಕ್ಕೆ ನಾನೇ ಆರಿಸಿದ್ದೆ. ಇಷ್ಟು ದಿನ ನನ್ನ ಮೇಜಿನ ಎದುರಿಗೇ ಅಂಟಿಸಿತ್ತು.

ಕಿಟಕಿ ಪೂರ್ತಿ ಮುಚ್ಚಿಲ್ಲ. ಕೆಳಗಿನ ಸರಳಿನ ಮೇಲೆ ಏನೋ ಬೆಳ್ಳಗಿದೆ. ನೂಲಿನ ಚೂರೆಂದು ತಿಳಿದಿದ್ದೆ. ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿದೆ. ಬೆರಳುಗಳು. ಸಣ್ಣ ಬೆರಳುಗಳು, ಸರಳನ್ನು ಹಿಡಿದುಕೊಂಡಿವೆ.

ಯಾರ ಅಪ್ಪಣೆಗೂ ಕಾಯಬೇಡ. ಮೊಹರು ಒಡೆ. ಹೊಣೆ ನನ್ನದೆಂದು ಈ ಕಾಗದವನ್ನೇ ತೋರಿಸು. ಒಂದು ಮಾತು ಮಾತ್ರ. ಜೀಪು ಬೇಡ, ಗದ್ದಲ ಬೇಡ. ಎಳೆಯಬೇಡ, ಕೇಳು. ಏನು ಬೇಕೆಂದು ಆ ಮಗುವನ್ನೇ ಕೇಳು. ಮಗುವಿಗೆ ಸಂಬಂಧಪಟ್ಟ ಯಾವ ತೀರ್ಮಾನದಲ್ಲೂ ಮಗುವಿನ ಮಾತು ಕೇಳಬೇಕೆಂದು ಆ ಒಡಂಬಡಿಕೆಯ ಹನ್ನೆರಡನೆಯ ವಿಧಿ ಹೇಳುತ್ತದೆ. ಊರೂರು ತಿರುಗಿ ನಾನೇ ಅದನ್ನು ಪಾಠ ಮಾಡಿದ್ದೇನೆ. ಅವತ್ತು ಬಾಗಿಲಲ್ಲಿ ನಿಂತಾಗ ಒಂದು ಮಗುವನ್ನಾದರೂ "ಒಳಗೆ ಇನ್ನು ಯಾರಿದ್ದಾರೆ" ಎಂದು ಕೇಳಲಿಲ್ಲ.

ಲತಾ


ಹಾರೋಹಳ್ಳಿ
೨೮ ಆಗಸ್ಟ್ ೨೦೦೬

ಲತಾ,

ನಿನ್ನ ಕಾಗದ ಬರುವ ಮೊದಲೇ ಆಯಿತು. ಆಮೇಲೆ ಬೂತಿನಿಂದ ಫೋನಿನಲ್ಲಿ ನಾನು ಕೂಗಿದ್ದರಲ್ಲಿ ನಿನಗೆ ಎಷ್ಟು ಅರ್ಥವಾಯಿತೋ. ಈಗ ಮೊದಲಿನಿಂದ ಬರೆಯುತ್ತೇನೆ.

ಇದ್ರೀಸ್ ಭಾಯಿ ಶೆಡ್ಡಿನ ಸುತ್ತ ಬಂದು, ಮೋರಿಯ ಹತ್ತಿರ ಒಂದು ತಗಡಿನ ಮೊಳೆ ಕಿತ್ತಿರುವುದನ್ನು ತೋರಿಸಿದರು. ಸಣ್ಣ ದೇಹ ಮಾತ್ರ ನುಸುಳುವಷ್ಟು ಜಾಗ. ಸುತ್ತ ನೆಲ ಹೋಗಿಬಂದು ನುಣುಪಾಗಿತ್ತು. ಭಾಯಿ ತಗಡು ಎತ್ತಲು ಹೋದರು. ಮುನಿಯಮ್ಮನವರು ತಡೆದರು. ತಟ್ಟೆ ಹಿಡಿದುಕೊಂಡೇ ನೆಲದ ಮೇಲೆ ಕೂತು, "ಕೂಸೇ, ಉಂಡ್ಕ ಬಾ. ಬಿಸಿ ಐತೆ" ಎಂದರು. ಮೊದಲ ಸಲ ಗಾಳಿಯನ್ನು ಕೂಸೇ ಎಂದು ಕರೆದರು.

ಆಮೇಲೆ ತಗಡಿನ ಹಿಂದಿನಿಂದ, "ಜೀಪ್ ಐತಾ?"

"ಇಲ್ಲ ಕಣವ್ವ. ನಾನು, ಟೀಚರಮ್ಮ ಅಷ್ಟೇಯ." ಭಾಯಿ ಸದ್ದಿಲ್ಲದೆ ತೋಟದಾಚೆಗೆ ಸರಿದರು.

ಕೈ ಬಂತು. ಬೆರಳ ಸಂದಿಯೆಲ್ಲ ಬಿಳುಪೇರಿ ಬಿರಿದಿತ್ತು. ಆಮೇಲೆ ತಲೆ. ಎಂಟೋ ಒಂಬತ್ತೋ ವರ್ಷವಿರಬೇಕು. ಹೆಸರು ಧನುಶ್ರೀ. ಮಾಗಡಿ ಕಡೆಯ ತಿಪ್ಪಸಂದ್ರದವಳು. ನೀವು ಬಂದ ದಿನ ಮೇಸ್ತ್ರಿ ಅವಳನ್ನು ಖಾಲಿ ನೀರಿನ ತೊಟ್ಟಿಯೊಳಗೆ ಇಳಿಸಿ, ಜೀಪಿನವರು ಮಕ್ಕಳ ಕಣ್ಣು ಕೀಳುತ್ತಾರೆ, ನಾನು ಬಂದು ಕರೆಯುವ ತನಕ ಉಸಿರೆತ್ತಬೇಡ ಎಂದು ಮೇಲೆ ಹಲಗೆ ಎಳೆದನಂತೆ. ಮೇಸ್ತ್ರಿ ಬರಲೇ ಇಲ್ಲ. ಅವಳನ್ನೇ ಯಾಕೆ ಬಚ್ಚಿಟ್ಟನೆಂದು ಆಗ ನನಗೆ ತಿಳಿಯಲಿಲ್ಲ.

ತೋಟದ ಹಣ್ಣು, ಪಂಪ್‌ಸೆಟ್ಟಿನ ನೀರು, ಮಿಲ್ಲಿನ ಅಡುಗೆಯ ಮೂಟೆಯಲ್ಲಿ ಉಳಿದಿದ್ದ ಅಕ್ಕಿ, ಆಮೇಲೆ ಮುನಿಯಮ್ಮನವರ ತಟ್ಟೆ, ಇಷ್ಟರಲ್ಲೇ ಬದುಕಿದ್ದಳು. ಅವಳು ಹೊರಗೆ ಬಂದುಹೋಗುತ್ತಿದ್ದಳು, ಲತಾ! ಯಾರೂ ಕಟ್ಟಿಹಾಕಿರಲಿಲ್ಲ. ಮತ್ತೆ ಯಾಕೆ ಓಡಿಹೋಗಲಿಲ್ಲ ಎಂದು ಕೇಳಿದೆ.

"ನಾನ್ ಹೋದ್ರೆ ಅಕ್ಕ ಒಬ್ಳೇ ಆಗೋಯ್ತಾಳಲ್ಲ."

ಮುನಿಯಮ್ಮನವರು ನನ್ನ ತೋಳು ಹಿಡಿದರು. ಧನು ತಟ್ಟೆಯಲ್ಲಿದ್ದುದನ್ನು ಅರ್ಧ ಉಂಡು, ಅರ್ಧ ಎತ್ತಿಕೊಂಡು ಒಳಗೆ ನುಸುಳಿದಳು. ನಾನು ತಗಡನ್ನು ಮೇಲಕ್ಕೆ ಬಗ್ಗಿಸಿ ಹಿಂದೆಯೇ ಹೋದೆ.

ಒಳಗಿನ ಮಿಷನ್‌ಗಳೆಲ್ಲ ನನ್ನ ಮೊಣಕಾಲಿಗಿಂತ ಸ್ವಲ್ಪ ಎತ್ತರ. ಅಷ್ಟೇ ಎತ್ತರಕ್ಕೆ ಮಾಡಿಸಿದ್ದಾರೆ. ಅವುಗಳ ನಡುವೆ ನಾನೊಬ್ಬಳೇ ರಾಕ್ಷಸಿಯ ಹಾಗೆ ನಿಂತಿದ್ದೆ. ಒಂದು ಬಾಬಿನ್ ಮಾತ್ರ ಹೊಸ ನೂಲು ಸುತ್ತಿಕೊಂಡು ಮಿನುಗುತ್ತಿತ್ತು. ಸುಮ್ಮನಿರಲಾಗದೆ ಕೈಯಲ್ಲೇ ತಿರುಗಿಸುತ್ತಿದ್ದಳಂತೆ. ಮೂಲೆಯಲ್ಲಿ ನೆಲಕ್ಕೆ ಹೊಸ ಸಿಮೆಂಟು ಹಾಕಿತ್ತು. ಒಬ್ಬರು ಮಲಗುವಷ್ಟು ಜಾಗ. ಅದರ ತಲೆಯ ಕಡೆ ಹಿಪ್ಪುನೇರಳೆ ಎಲೆಯ ಮೇಲೆ ಅನ್ನವಿತ್ತು. ಪಕ್ಕದಲ್ಲಿ ಗೋಣಿಚೀಲ, ಧನು ಮಲಗುತ್ತಿದ್ದದ್ದು.

ಧನು ಅಕ್ಕ ಎನ್ನುವ ಆ ಹುಡುಗಿಯ ಹೆಸರು ಸಾನಾ. ರಾಮನಗರದವಳು. ದಾಳಿಗೆ ಮುಂಚಿನ ವಾರ ಅವಳ ದುಪಟ್ಟಾ ಮಿಷನ್ನಿನ ಬೆಲ್ಟಿಗೆ ಸಿಕ್ಕಿತಂತೆ. ಉಳಿದ ಮಕ್ಕಳಿಗೆ ಆಸ್ಪತ್ರೆಗೆ ಕಳಿಸಿದೆವು ಎಂದು ಹೇಳಿ, ಅವರನ್ನೆಲ್ಲ ಎರಡು ದಿನ ಪಕ್ಕದ ಗೋಡೌನಿನಲ್ಲಿ ಕೂಡಿಹಾಕಿದರು. ಮೂಟೆಗಳ ಹಿಂದೆ ನಿದ್ದೆ ಹೋಗಿದ್ದ ಧನು ಮಾತ್ರ ಶೆಡ್ಡಿನಲ್ಲೇ ಉಳಿದಳು. ನೋಡಿದಳು. ಹೂಳಿದ್ದನ್ನು ನೋಡಿದ್ದು ಮೇಸ್ತ್ರಿಗೂ ಗೊತ್ತಾಯಿತು. ಅದಕ್ಕೇ ಆ ತೊಟ್ಟಿ.

ಅಕ್ಕನನ್ನು ಹಾಗೇ ಬಿಡುವುದಿಲ್ಲ ಎಂದು ಮಾತು ಕೊಟ್ಟು ಧನುವನ್ನು ಮುನಿಯಮ್ಮನವರ ಮನೆಗೆ ಕರೆತಂದ ಮೇಲೆ, ಸ್ನಾನ ಮಾಡಿಸಿ ತಲೆ ಒರೆಸುತ್ತ, ಸುಮ್ಮನೆ ಮಾತಿಗೆ ಕೇಳಿದೆ. "ಅವತ್ತು ಹಾಜರಿಗೆ ಎರಡು ಸಲ ಓಗೊಟ್ಟೆಯಲ್ಲ, ಎರಡನೆಯದು ಅಕ್ಕನ ದನಿಯಲ್ಲಿ ಅಂದೆಯಾ?"

ಅವಳು ನನ್ನನ್ನು ನೋಡಿದ ರೀತಿ ಹೇಗೆ ಬರೆಯಲಿ. "ನಾನ್ ಒಂದ್ಸಲಾನೇ ಅಂದಿದ್ದು ಟೀಚರ್. ಆಮೇಕೆ ಅಕ್ಕ ಅಂದ್ಲು."

ಬೋರಲಿಂಗಯ್ಯನವರು ಪೊಲೀಸರಿಗೆ ಹೇಳಬೇಡಿ, ಶೆಡ್ಡು ನನ್ನದು, ನನ್ನ ಕುತ್ತಿಗೆಗೆ ಬರುತ್ತದೆ ಎಂದು ಗೋಗರೆದರು. ಆಮೇಲೆ ರೇಗಿದರು. ಮುನಿಯಮ್ಮನವರು ಒಲೆಯ ಮುಂದಿನಿಂದ ಏಳದೆ ಹೇಳಿದರು: "ನಿಮ್ ಕುತ್ತಿಗೆ ನೆಟ್ಟಗೈತೆ. ಆ ಕೂಸಿನ ಕುತ್ತಿಗೆ ಏನಾಯ್ತು ಅಂತ ಒಸಿ ಯೋಚ್ನೆ ಮಾಡಿ. ನಾನೇ ಹೋಗಿ ಹೇಳ್ತೀನಿ." ಹೋಗಿ ಹೇಳಿಯೂ ಬಂದರು.

ಬೇಗ ಬಾ.

ಖುರ್ಷಿದಾ


ದೆಹಲಿ
೪ ಸೆಪ್ಟೆಂಬರ್ ೨೦೦೬

ಖುರ್ಷಿದಾ,

ಗುರುವಾರದ ರೈಲಿಗೆ ಹೊರಟಿದ್ದೇನೆ. ಮ್ಯಾಜಿಸ್ಟ್ರೇಟರ ಎದುರಿಗೇ ನೆಲ ಅಗೆಸಬೇಕು. ಅಷ್ಟರವರೆಗೆ ಅಲ್ಲಿಗೆ ಯಾರೂ ಹೋಗದ ಹಾಗೆ ನೋಡಿಕೋ. ಧನುವನ್ನು ಯಾರೂ ಮತ್ತೆ ಮತ್ತೆ ಕೇಳಬಾರದು. ಒಂದೇ ಸಲ, ಹೆಣ್ಣು ಅಧಿಕಾರಿಯ ಮುಂದೆ, ನಿನ್ನ ಮಡಿಲಲ್ಲಿ ಕೂತು ಹೇಳಲಿ. ಅವಳ ತಾಯಿಯನ್ನು ಹುಡುಕಲು ತಿಪ್ಪಸಂದ್ರಕ್ಕೆ ಜನ ಕಳಿಸಿದ್ದೇನೆ.

'ಒಂದು ಮಗುವೂ ಉಳಿಯದಂತೆ' ಎಂಬ ಪುಟ ಹರಿದುಹಾಕಿದೆ. ನಮ್ಮ ನಿರ್ದೇಶಕರು ಇಡೀ ಘಟನೆಯನ್ನೇ ವರದಿಯಿಂದ ಕೈಬಿಡೋಣ ಎಂದರು. ಸಂಸ್ಥೆಯ ಹೆಸರು ಕೆಡುತ್ತದಂತೆ. ಕೈಬಿಟ್ಟರೆ ನನ್ನನ್ನೂ ಕೈಬಿಡಿ ಎಂದೆ. ನೋಡೋಣ.

ಸಾನಾ ಯಾರ ಮಗಳು? ಮನೆಯವರು ಯಾಕೆ ಹುಡುಕಿಕೊಂಡು ಬರಲಿಲ್ಲ?

ಲತಾ


ರಾಮನಗರ
೩ ಅಕ್ಟೋಬರ್ ೨೦೦೬

ಪ್ರೀತಿಯ ಲತಾ,

ನೆಲ ಅಗೆದ ದಿನ ನೀನು ನನ್ನ ಕೈ ಹಿಡಿದುಕೊಂಡಿದ್ದೆ. ಅದರ ಬಗ್ಗೆ ಇಬ್ಬರೂ ಬರೆದುಕೊಳ್ಳುವುದು ಬೇಡ.

ನೀನು ರೈಲು ಹತ್ತಿದ ಮೇಲೆ ನಡೆದದ್ದು ಇದು. ಮನೆಯವರು ಸಿಕ್ಕಿದರು. ತಾಯಿಯ ಹೆಸರು ಹಮೀದಾ. ನಮ್ಮ ಬೀದಿಯಿಂದ ಮೂರನೆಯ ಬೀದಿ. ಗಂಡ ಇಲ್ಲ. ರೇಷ್ಮೆ ಒಲೆಗಳಲ್ಲಿ ಕೂಲಿ ಮಾಡುತ್ತಿದ್ದವಳು, ಒಲೆಗಳು ಮುಚ್ಚಿದ ಮೇಲೆ ಬೀಡಿಗೆ ಕೂತಳು. ಮಗಳನ್ನು ಮಿಲ್ಲಿಗೆ ಕಳಿಸಿದ್ದು ಆಮೇಲೆ. ನೀನಿದನ್ನು ಓದಿ ಏನೆಂದುಕೊಳ್ಳುತ್ತೀಯೋ ಗೊತ್ತಿಲ್ಲ. ಮುಚ್ಚಬಾರದಿತ್ತು ಎಂದು ನಾನು ಹೇಳುತ್ತಿಲ್ಲ. ನಮ್ಮ ಅಬ್ಬಾನ ಕುದಿನೀರಿನ ತೊಟ್ಟಿಯ ಮುಂದೆಯೂ ಮಕ್ಕಳು ಕೂರುತ್ತಿದ್ದರು. ಆದರೆ ಮುಚ್ಚಿದ ಮಾರನೆಯ ದಿನ ಆ ಮನೆಗಳಿಗೆ ಯಾರೂ ಹೋಗಲಿಲ್ಲ. ನೀನೂ ಹೋಗಲಿಲ್ಲ, ನಾನೂ ಹೋಗಲಿಲ್ಲ.

ಬಾಗಿಲು ತಟ್ಟಿದೆ. ಹಮೀದಾ ನಗುತ್ತಾ ತೆರೆದಳು. ಒಳಗೆ ಗುಲ್ಜಾರ್ ಬೀ, ಅವಳ ತಾಯಿ, ಕಣ್ಣು ಕಾಣದ ಮುದುಕಿ, ಜಪಮಣಿ ಹಿಡಿದು ಕೂತಿದ್ದಳು. ನಾನು ಶಾಲೆಯ ಟೀಚರ್ ಎಂದೆ. "ಸಾನಾಳ ಶಾಲೆಯಿಂದ ಬಂದಿರಾ?" ಎಂದಳು ಹಮೀದಾ.

ಅವಳಿಗೆ ಜೂನ್‌ನಲ್ಲೇ ಯಾರೋ ಬಂದು ಹೇಳಿಹೋಗಿದ್ದರು. ಜೀಪಿನವರು ಸಾನಾಳನ್ನು ಕರೆದುಕೊಂಡು ಹೋದರು, ದೂರದ ಸರಕಾರಿ ಹಾಸ್ಟೆಲಿನಲ್ಲಿ ಇಟ್ಟು ಓದಿಸುತ್ತಿದ್ದಾರೆ, ಈದ್‌ಗೆ ಕಳಿಸುತ್ತಾರೆ ಎಂದು. ಆ ತಾಯಿ ನಂಬಿದಳು. ನಿಮ್ಮನ್ನು ನಂಬಿದಳು, ಲತಾ. ಕಾನೂನನ್ನು ನಂಬಿದಳು. ಗೂಟದ ಮೇಲೆ ಹೊಸ ಕುರ್ತಾ ನೇತುಹಾಕಿತ್ತು. ಓದುವ ಹುಡುಗಿ ಬೆಳೆದಿರುತ್ತಾಳೆಂದು ಅಳತೆಗಿಂತ ಒಂದು ಗೇಣು ಉದ್ದವಾಗಿ ಹೊಲಿದಿದ್ದಳು.

ನಾನು ಹೇಳುವುದಕ್ಕೆ ಮೊದಲು ಗುಲ್ಜಾರ್ ಬೀ ಜಪ ನಿಲ್ಲಿಸಿ, "ಬೇಟಿ, ನಿನ್ನ ಜೊತೆ ಬಂದಿರುವ ಹುಡುಗಿಯನ್ನು ಯಾಕೆ ಹೊಸ್ತಿಲಲ್ಲೇ ನಿಲ್ಲಿಸಿದ್ದೀಯ? ಒಳಗೆ ಕರಿ" ಅಂದಳು.

ನಾನು ಒಬ್ಬಳೇ ಹೋಗಿದ್ದೆ.

ತಿರುಗಿ ನೋಡುವ ಧೈರ್ಯವಾಗಲಿಲ್ಲ. ಹಮೀದಾ ನೋಡಿದಳು. ಖಾಲಿ ಬಾಗಿಲನ್ನು ನೋಡಿ, ಆಮೇಲೆ ನನ್ನ ಮುಖ ನೋಡಿದಳು. ಅವಳಿಗೆ ತಿಳಿದುಹೋಯಿತು. ನಾನು ಬಾಯಿಬಿಟ್ಟು ಹೇಳಬೇಕಾಗಲೇ ಇಲ್ಲ.

ನಮ್ಮ ಖಬರಸ್ತಾನದಲ್ಲಿ ಮಣ್ಣು ಮಾಡಿದೆವು. ಇದ್ರೀಸ್ ಭಾಯಿ, ನೆರೆಮನೆಯ ಪೀರ್ ಸಾಬ್, ಬೀದಿಯ ಗಂಡಸರೆಲ್ಲ ಹೆಗಲು ಕೊಟ್ಟರು. ಮುನಿಯಮ್ಮನವರು ಬಸ್ಸು ಹತ್ತಿ ಬಂದಿದ್ದರು, ಗೇಟಿನ ಹೊರಗೆ ನಿಂತಿದ್ದರು. ಬೋರಲಿಂಗಯ್ಯನವರು ಬಂದಿರಲಿಲ್ಲ. ಆದರೆ ಮಿಷನ್‌ಗಳನ್ನು ಆಚೆಗೆ ಎಸೆಸಿ ಶೆಡ್ಡನ್ನು ಕೆಡವಿಸುತ್ತೇನೆಂದು ಹೇಳಿ ಕಳಿಸಿದ್ದರು. ಕೇಸು ಮುಗಿಯುವ ತನಕ ಕೆಡವುವಂತಿಲ್ಲ ಎಂದೆ.

ಧನುವಿನ ತಾಯಿ ಹಾರೋಹಳ್ಳಿಯಲ್ಲೇ ಇದ್ದಳು, ಹೊಸ ಫ್ಯಾಕ್ಟರಿಯೊಂದರ ಗೋಡೆ ಕಟ್ಟುವ ಕೆಲಸದಲ್ಲಿ! ಮಗಳು ಹಾಸ್ಟೆಲಿನಲ್ಲಿದ್ದಾಳೆಂದು ಅವಳಿಗೂ ಹೇಳಿದ್ದರು. ಮಕ್ಕಳ ಕಲ್ಯಾಣ ಸಮಿತಿಯವರು ಧನುವನ್ನು ನೀನು ಹೇಳಿದ ಹಾಗೆಯೇ ಕೇಳಿದರು, ಎಲ್ಲಿರುತ್ತೀಯ ಎಂದು. "ಅವ್ವನ ತಾವ. ಆದ್ರೆ ಇಸ್ಕೂಲಿಗೂ ಹೋಯ್ತೀನಿ" ಎಂದಳು. ತಿಪ್ಪಸಂದ್ರಕ್ಕೆ ಹೋಗುವ ಮುಂಚೆ ಅವಳನ್ನು ಹಮೀದಾಳ ಮನೆಗೆ ಕರೆದುಕೊಂಡು ಹೋಗಿದ್ದೆ. ಹಮೀದಾ ಅವಳ ಬಿರಿದ ಬೆರಳುಗಳಿಗೆ ಎಣ್ಣೆ ಹಚ್ಚುತ್ತಾ ಕೂತಿದ್ದಳು.

ನಿನ್ನ
ಖುರ್ಷಿದಾ


ದೆಹಲಿ
೨೨ ನವೆಂಬರ್ ೨೦೦೬

ಪ್ರೀತಿಯ ಖುರ್ಷಿದಾ,

ನಿನ್ನ ಕಾಗದಕ್ಕೆ ಇಷ್ಟು ದಿನ ಉತ್ತರ ಬರೆಯಲಾಗಲಿಲ್ಲ. ಆ ಮಾರನೆಯ ದಿನದ ಮಾತು ನನ್ನನ್ನು ಬಿಟ್ಟಿಲ್ಲ. ಒಲೆ ಆರಿಸುವ ಕಾನೂನಿನ ಜೊತೆಗೇ ಆ ಮನೆಯ ಒಲೆ ಉರಿಯುವ ದಾರಿಯೂ ಇರಬೇಕು ಎಂದು ವರದಿಯಲ್ಲಿ ಬರೆದಿದ್ದೇನೆ. ಅದು ನಿನ್ನ ಮಾತಿನಿಂದಲೇ ಬಂದ ವಾಕ್ಯ.

ಯಜಮಾನ ಸೇಲಂ ಕಡೆ ಸಿಕ್ಕಿದ್ದಾನೆ, ಮೇಸ್ತ್ರಿಯೂ ಸಿಕ್ಕಿದ್ದಾನೆ. ಆದರೆ ಪೊಲೀಸರ ಕಾಗದಗಳಲ್ಲಿ ಸಾನಾ ಈಗಲೂ 'ಅಪರಿಚಿತ ಬಾಲಕಿ'. ಹುಟ್ಟಿದ್ದು ಎಲ್ಲೂ ದಾಖಲಾಗಿಲ್ಲ, ಶಾಲೆಗೆ ಸೇರಿರಲಿಲ್ಲ, ಪಡಿತರ ಚೀಟಿಯಲ್ಲಿ ಹೆಸರಿಲ್ಲ. ಹುಟ್ಟದವಳು ಸಾಯುವುದು ಹೇಗೆ ಎಂಬಂತೆ ಯಜಮಾನನ ವಕೀಲ ವಾದಿಸುತ್ತಾನಂತೆ. ಹುಟ್ಟಿದ ಕೂಡಲೇ ಮಗುವಿಗೆ ಹೆಸರಿನ ಹಕ್ಕಿದೆ, ದಾಖಲೆಯ ಹಕ್ಕಿದೆ ಎಂದು ನಾವು ಒಪ್ಪಿ ಸಹಿ ಹಾಕಿದ್ದೇವೆ. ಅದು ಏಳನೆಯ ವಿಧಿ. ಮೊನ್ನೆ ನಾನು ಮೇಜಿನ ಮುಂದೆ ಕೂತು ಆ ಸಾಲನ್ನೇ ನೋಡುತ್ತಿದ್ದೆ. ಹಿಂದಿನಿಂದ ಯಾರೋ ಅದನ್ನು ಓದುತ್ತಿದ್ದಾರೆ ಅನ್ನಿಸಿತು. ನಿಧಾನವಾಗಿ, ಅಕ್ಷರ ಕೂಡಿಸಿಕೊಂಡು ಓದುವ ಹಾಗೆ. ಕೋಣೆಯಲ್ಲಿ ಯಾರೂ ಇರಲಿಲ್ಲ. ನಿನಗಲ್ಲದೆ ಇನ್ಯಾರಿಗೂ ಇದನ್ನು ಹೇಳಲಾರೆ.

ಈಗ ಒಂದು ಕಷ್ಟದ ಮಾತು. ಜನವರಿಯಲ್ಲಿ ಬೆಂಗಳೂರಿನಲ್ಲಿ ದುಡಿಯುವ ಮಕ್ಕಳ ಬಗ್ಗೆ ಅಹವಾಲು ಸಭೆ. ನಿವೃತ್ತ ನ್ಯಾಯಾಧೀಶರೊಬ್ಬರು ಕೇಳುತ್ತಾರೆ. ಅಲ್ಲಿ ದಾಖಲಾದದ್ದು ದೆಹಲಿಗೂ ಜಿನೀವಾಕ್ಕೂ ಹೋಗುತ್ತದೆ. ನಮ್ಮ ಕಡೆಯ ನಿಯಮವೇನೆಂದರೆ ಮಕ್ಕಳ ನಿಜ ಹೆಸರು ಹೇಳುವಂತಿಲ್ಲ. ಅವರ ರಕ್ಷಣೆಗೇ ಮಾಡಿದ ಒಳ್ಳೆಯ ನಿಯಮ ಅದು. ಧನುವಿಗೆ ಬೇರೆ ಹೆಸರು ಕೊಟ್ಟಿದ್ದೇವೆ. ಸಾನಾಳಿಗೂ ಬೇರೆ ಹೆಸರು ಕೊಡಬೇಕು, ಇಲ್ಲವೇ 'ಮೃತ ಬಾಲಕಿ' ಎಂದು ಬಿಡಬೇಕು. ಹಮೀದಾಳನ್ನು ಕೇಳಿ ನೋಡುತ್ತೀಯಾ? ಆ ವಾರ ನಾನು ಜಿನೀವಾದಲ್ಲಿರುತ್ತೇನೆ. ಸಭೆಗೆ ಅವಳ ಜೊತೆ ನೀನು ಹೋಗಬೇಕು.

ನಿನ್ನ
ಲತಾ


ರಾಮನಗರ
೨೯ ಜನವರಿ ೨೦೦೭

ಪ್ರೀತಿಯ ಲತಾ,

ಹೋಗಿ ಬಂದೆವು.

ಹೆಸರಿನ ವಿಷಯ ಹಮೀದಾಳಿಗೆ ಮೊದಲೇ ಹೇಳಿದ್ದೆ. ಬಸ್ಸು ಬಿಡದಿ ದಾಟಿದ ಮೇಲೆ, "ಬೇರೆ ಹೆಸರು ಇಟ್ಟರೆ ಅವಳಿಗೆ ತನ್ನ ಮಾತೇ ಆಡುತ್ತಿದ್ದಾರೆಂದು ತಿಳಿಯುವುದು ಹೇಗೆ?" ಎಂದು ಕೇಳಿದಳು.

ದೊಡ್ಡ ಹಾಲು. ಫ್ಯಾನುಗಳು, ಮೈಕು, ಮುಂದಿನ ಸಾಲಿನಲ್ಲಿ ಅಧಿಕಾರಿಗಳು. ಬೇರೆ ಬೇರೆ ಊರಿನ ತಾಯಂದಿರು. ನಮ್ಮ ಸರದಿ ಮಧ್ಯಾಹ್ನ ಬಂತು. ನ್ಯಾಯಾಧೀಶರ ಪಕ್ಕದಲ್ಲಿ ಕೂತಿದ್ದ ಗುಮಾಸ್ತರು ಕನ್ನಡಕ ಸರಿಮಾಡಿಕೊಂಡು ಓದಲು ಶುರುಮಾಡಿದರು. ಒಳ್ಳೆಯ ಮನುಷ್ಯ, ನಮಗೆ ನೀರು ತರಿಸಿಕೊಟ್ಟಿದ್ದರು.

"ಸದರಿ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದ ಮೃತ ಬಾಲಕಿಯು" ಎಂದರು.

"ಸಾನಾ" ಎಂದಳು ಹಮೀದಾ, ಎದ್ದು ನಿಂತು.

ಅವರು ತಲೆಯೆತ್ತಿ ನೋಡಿ, ಮುಂದುವರಿಸಿದರು. "ಯಂತ್ರದ ಬೆಲ್ಟಿಗೆ ಸಿಲುಕಿದ ಮೃತ ಬಾಲಕಿಯನ್ನು"

"ಸಾನಾ."

ಜೋರಾಗಿ ಅಲ್ಲ, ಲತಾ. ಅಳುತ್ತಲೂ ಇರಲಿಲ್ಲ. ಮಗ್ಗಿ ತಪ್ಪಿದ ಮಗುವನ್ನು ತಿದ್ದುವ ಹಾಗೆ. ಹಿಂದಿನಿಂದ ಯಾರೋ ಕೂತ್ಕಳಮ್ಮ ಎಂದರು. ಅವಳು ಕೂರಲಿಲ್ಲ. ಗುಮಾಸ್ತರು ಮೃತ ಬಾಲಕಿ ಎಂದಾಗಲೆಲ್ಲ ಅವಳು ಸಾನಾ ಎಂದಳು. ಅವರ ದನಿ ಸಣ್ಣದಾಗುತ್ತ ಬಂತು. ಕೊನೆಗೆ ಓದುವುದನ್ನೇ ನಿಲ್ಲಿಸಿ ನ್ಯಾಯಾಧೀಶರ ಕಡೆ ನೋಡಿದರು.

ನ್ಯಾಯಾಧೀಶರು ನಿಯಮ ವಿವರಿಸಿದರು. ಹೆಸರು ಹೊರಗೆ ಬಂದರೆ ಮಗುವಿಗೆ ತೊಂದರೆಯಾಗದಿರಲೆಂದು ಮಾಡಿದ್ದಮ್ಮ ಇದು ಎಂದರು, ನಿಜವಾದ ಕನಿಕರದಿಂದ.

"ಇನ್ನೇನು ತೊಂದರೆ ಆಗುತ್ತದೆ ಸಾಹೇ‌ಬ್ರೇ ಅವಳಿಗೆ?" ಎಂದಳು ಹಮೀದಾ. "ನಾನು ಬಡವಿ. ಅವಳಿಗೆ ಕೊಟ್ಟದ್ದು ಅದೊಂದೇ. ಅದನ್ನು ಕಿತ್ತುಕೊಳ್ಳಬೇಡಿ."

ಹಾಲಿನಲ್ಲಿ ಫ್ಯಾನುಗಳು ತಿರುಗುತ್ತಿದ್ದವು. ನ್ಯಾಯಾಧೀಶರು ಕೈಯಲ್ಲಿದ್ದ ಪೆನ್ನನ್ನು ಮೇಜಿನ ಮೇಲಿಟ್ಟರು. ಆಮೇಲೆ ಗುಮಾಸ್ತರಿಗೆ, "ತಾಯಿಯ ಇಚ್ಛೆಯಂತೆ ಎಂದು ಬರೆದುಕೊಳ್ಳಿ. ಮೊದಲಿನಿಂದ ಓದಿ" ಎಂದರು.

ಗುಮಾಸ್ತರು ಎದ್ದು ನಿಂತರು. ಅದುವರೆಗೆ ಯಾರ ಅಹವಾಲನ್ನೂ ಅವರು ನಿಂತು ಓದಿರಲಿಲ್ಲ. ಮೈಕನ್ನು ಹತ್ತಿರ ಎಳೆದುಕೊಂಡು ಓದಿದರು: "ರಾಮನಗರದ ಹಮೀದಾ ಅವರ ಮಗಳು ಸಾನಾ."

ಹಮೀದಾ ಕೂತಳು. ತನ್ನ ಪಕ್ಕದ ಖಾಲಿ ಕುರ್ಚಿಯ ಮೇಲಿದ್ದ ನನ್ನ ಚೀಲವನ್ನು ಎತ್ತಿ ನನ್ನ ಕೈಗೆ ಕೊಟ್ಟು, ಆ ಕುರ್ಚಿಯನ್ನು ಸೆರಗಿನಿಂದ ಒರೆಸಿದಳು. ಓದುವುದು ಮುಗಿಯುವ ತನಕ ಅದರ ಬೆನ್ನಿನ ಮೇಲೆ ಕೈ ಇಟ್ಟುಕೊಂಡೇ ಇದ್ದಳು.

ನಿನ್ನ
ಖುರ್ಷಿದಾ